ಹಳೆಯ ಟರ್ಬೊ ಗಾಡಿಯನ್ನು ನಂಬಬಹುದೆ?

ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಅನೇಕರು ಇತ್ತೀಚೆಗೆ ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: "ಹತ್ತು ಹದಿನೈದು ವರ್ಷದ ಟರ್ಬೊ ಗಾಡಿ ಇದೆ. ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ?" ಅವರಲ್ಲಿ ಒಬ್ಬರ ಕಾರಿನ ಟರ್ಬೊ ಕಾಫಿ ಕೊಯ್ಲಿನ ನಡುವೆಯೇ ಹೋಗಿತ್ತು. ಗಾಡಿ ಬೆಲೆಯ ಕಾಲುಭಾಗ ದುರಸ್ತಿಗೇ ಬೇಕೆಂದು ಗ್ಯಾರೇಜಿನವರು ಹೇಳಿದ್ದರು. "ಟರ್ಬೊ ಎಂದರೆ ಬಿಳಿ ಆನೆ, ಮಾರಿಬಿಡಿ" ಎಂದು ನೆರೆಯವರು ಹೇಳಿದ್ದರು. ಸಣ್ಣ ಹಿಡುವಳಿಯವನಿಗೆ ಇದು ಸಣ್ಣ ಮಾತಲ್ಲ. ಕೊಯ್ಲಿನ ಕೂಲಿ ಬಟವಾಡೆ ಮಾಡಬೇಕಾದ ವಾರದಲ್ಲಿ ಗಾಡಿಗೆ ಹಣ ಹಾಕಬೇಕೆಂದರೆ ಎಲ್ಲಿಂದ ತರುವುದು?

ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನೇ ಸ್ವಲ್ಪ ವಿವರವಾಗಿ ಬರೆಯಲು ಯೋಚಿಸಿದ್ದೇವೆ. ನಾವು ಎಂಜಿನಿಯರರಲ್ಲ. ಆದರೆ ಸಂಘದ ಗಾಡಿಯನ್ನೂ ಸ್ವಂತ ಗಾಡಿಯನ್ನೂ ಇಷ್ಟು ವರ್ಷ ಸಾಕಿದ್ದೇವೆ, ಒಂದೆರಡು ತಪ್ಪುಗಳನ್ನು ಮಾಡಿ ದಂಡವನ್ನೂ ತೆತ್ತಿದ್ದೇವೆ.

ಟರ್ಬೊ ಎಂದರೆ ಏನು?

ಎಂಜಿನ್ನಿನೊಳಗೆ ಡೀಸೆಲ್ ಉರಿಯಲು ಗಾಳಿ ಬೇಕು. ಗಾಳಿ ಹೆಚ್ಚು ಒಳಗೆ ಹೋದಷ್ಟೂ ಹೆಚ್ಚು ಡೀಸೆಲ್ಲನ್ನು ಚೊಕ್ಕಟವಾಗಿ ಉರಿಸಿ ಹೆಚ್ಚು ಶಕ್ತಿ ಪಡೆಯಬಹುದು. ಸಾಮಾನ್ಯ ಎಂಜಿನ್ ತಾನಾಗಿ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟರಲ್ಲೇ ತೃಪ್ತಿಪಡಬೇಕು. ಟರ್ಬೊ ಇರುವ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ.

ಒತ್ತುವ ಶಕ್ತಿ ಎಲ್ಲಿಂದ ಬರುತ್ತದೆ? ಸೈಲೆನ್ಸರಿನಿಂದ ಹೊರಗೆ ಹೋಗಿ ವ್ಯರ್ಥವಾಗುವ ಬಿಸಿ ಹೊಗೆಯಿಂದ. ತೋಟದಿಂದ ಹರಿದುಹೋಗುವ ಹಳ್ಳದ ನೀರಿಗೆ ಚಕ್ರ ಕಟ್ಟಿ ವಿದ್ಯುತ್ ತೆಗೆಯುವವರು ನಮ್ಮ ಸೀಮೆಯಲ್ಲಿ ಇದ್ದಾರಷ್ಟೆ, ಇದೂ ಹಾಗೆಯೇ. ಒಂದೇ ಸಣ್ಣ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳಿರುತ್ತವೆ. ಹೊಗೆಯ ರಭಸ ಒಂದನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ ಇನ್ನೊಂದು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ತಳ್ಳುತ್ತದೆ. ಒತ್ತಿದಾಗ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಅದನ್ನು ತಣಿಸಲು ಹಲವು ಗಾಡಿಗಳಲ್ಲಿ ಇಂಟರ್‌ಕೂಲರ್ ಎಂಬ ಇನ್ನೊಂದು ರೇಡಿಯೇಟರ್ ಇರುತ್ತದೆ.

ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಮಲೆನಾಡಿನವರಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಸಾಮಾನ್ಯ ಎಂಜಿನ್ ಮೂಡಿಗೆರೆಯಲ್ಲೋ ಮಡಿಕೇರಿಯಲ್ಲೋ ಆ ಪ್ರಮಾಣದ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಟರ್ಬೊ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಕೆಟ್ಟ ಹೆಸರು ಬಂದದ್ದು ಹೇಗೆ?

ಕಾರುಗಳಿಗೆ ಟರ್ಬೊ ಮೊದಲು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಎಂಬ ಪೆಟ್ರೋಲ್ ಕಾರುಗಳಲ್ಲಿ. ಜೆಟ್‌ಫೈರಿನಲ್ಲಿ ಎಂಜಿನ್ ಬಡಿಯದಂತೆ ನೀರು ಮತ್ತು ಮದ್ಯಸಾರದ ಮಿಶ್ರಣವನ್ನು ಬೇರೆ ಟ್ಯಾಂಕಿನಿಂದ ಸಿಂಪಡಿಸುವ ಏರ್ಪಾಟಿತ್ತು. ಕೊಂಡವರಲ್ಲಿ ಅನೇಕರು ಆ ಟ್ಯಾಂಕನ್ನು ತುಂಬಿಸುವುದನ್ನೇ ಮರೆತರು. ಗಾಡಿಗಳು ತೊಂದರೆ ಕೊಟ್ಟವು, ಒಂದೆರಡು ವರ್ಷದಲ್ಲೇ ಆ ಕಾರು ನಿಂತುಹೋಯಿತು. ಟರ್ಬೊ ಎಂದರೆ ರಗಳೆ ಎಂಬ ಮಾತು ಹುಟ್ಟಿದ್ದು ಹೀಗೆ. ಅಂದೂ ಇಂದೂ ಕಥೆ ಒಂದೇ: ಯಂತ್ರ ಕೇಳಿದ್ದನ್ನು ಕೊಡದಿದ್ದರೆ ಅದು ಕೈಕೊಡುತ್ತದೆ.

ಟರ್ಬೊಗೆ ನಿಜವಾಗಿ ಹೊಂದಿಕೊಂಡದ್ದು ಡೀಸೆಲ್ ಎಂಜಿನ್. 1978ರಲ್ಲಿ ಮರ್ಸಿಡಿಸ್ 300 ಎಸ್‌ಡಿ ಕಾರು ಬಂದಿತು. ಪೆಟ್ರೋಲ್ ಎಂಜಿನ್ನಿನ ಹೊಗೆ ಪೂರ್ತಿ ಹೊರೆಯಲ್ಲಿ 900 ಡಿಗ್ರಿ ದಾಟುತ್ತದೆ. ಡೀಸೆಲಿನದು ಅದಕ್ಕಿಂತ ಸಾಕಷ್ಟು ತಣ್ಣಗಿರುತ್ತದೆ. ಆದುದರಿಂದಲೇ ಡೀಸೆಲ್ ಗಾಡಿಯ ಟರ್ಬೊಗೆ ಆಯುಸ್ಸು ಹೆಚ್ಚು.

ನಮ್ಮ ದೇಶದಲ್ಲಿ 1998ರ ಟಾಟಾ ಸಫಾರಿ, 2002ರ ಮಹೀಂದ್ರ ಸ್ಕಾರ್ಪಿಯೊ, 2005ರ ಟೊಯೊಟಾ ಇನ್ನೋವಾ, 2007ರ ಮಾರುತಿ ಸ್ವಿಫ್ಟ್ ಡೀಸೆಲ್ ಎಲ್ಲವೂ ಟರ್ಬೊ ಗಾಡಿಗಳೇ. 2523 ಸಿ.ಸಿ.ಯ ಡಿ.ಐ. ಟರ್ಬೊ ಎಂಜಿನ್ನಿನ ಬೊಲೆರೊ ಇಲ್ಲದ ಊರು ಮಲೆನಾಡಿನಲ್ಲಿ ಇಲ್ಲ. 2020ರ ಏಪ್ರಿಲ್‌ನಲ್ಲಿ ಭಾರತ್ 6 ಮಾನಕ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಹೊಸ ಡೀಸೆಲ್ ಗಾಡಿಗಳ ಹೊಗೆನಳಿಕೆಯ ಏರ್ಪಾಟೂ ಜಟಿಲವಾಯಿತು. ಹೀಗಾಗಿ ಹಳೆಯ ಗಾಡಿಗಳನ್ನು ಉಳಿಸಿಕೊಳ್ಳಬೇಕೆಂಬ ಆಸೆ ಬೆಳೆಗಾರರಲ್ಲಿ ಹೆಚ್ಚಿರುವುದು ಸಹಜ.

ಎಣ್ಣೆಯೇ ಪ್ರಾಣ

ಟರ್ಬೊದ ದಂಡ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಸಣ್ಣ ಟರ್ಬೊಗಳಲ್ಲಿ 2 ಲಕ್ಷದವರೆಗೂ ಹೋಗುವುದುಂಟು. ಇಷ್ಟು ವೇಗದ ದಂಡ ಸಾಮಾನ್ಯವಾಗಿ ಬಾಲ್ ಬೇರಿಂಗಿನ ಮೇಲೆ ನಿಂತಿರುವುದಿಲ್ಲ. ಬುಷ್‌ಗಳ ನಡುವೆ ಎಂಜಿನ್ ಆಯಿಲಿನ ತೆಳುವಾದ ಪದರದಲ್ಲಿ ತೇಲುತ್ತಿರುತ್ತದೆ. ಆ ಪದರ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಅದು ಒಂದೆರಡು ಸೆಕೆಂಡು ತಪ್ಪಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಟರ್ಬೊ ತಾನಾಗಿ ಸಾಯುವುದು ಅಪರೂಪ. ಹೆಚ್ಚಿನವು ಸಾಯುವುದು ಎಣ್ಣೆ ಸಾಲದೆ, ಇಲ್ಲವೆ ಎಣ್ಣೆ ಕೊಳೆಯಾಗಿ.

ಇದರಿಂದ ಮೂರು ನಿಯಮಗಳು ಹುಟ್ಟುತ್ತವೆ. ಒಂದನೆಯದು, ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಿಸುವುದು. ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿದ್ದರೆ ಅದು ಹೆದ್ದಾರಿಯ ಲೆಕ್ಕ. ತೋಟದಿಂದ ಪೇಟೆಗೆ, ಪೇಟೆಯಿಂದ ಕಣಕ್ಕೆ ಸಣ್ಣ ಸಣ್ಣ ಓಟ, ಮೂಟೆ ಹೊರೆ, ಮೊದಲ ಗೇರಿನ ಏರು, ಇವೆಲ್ಲ ಇರುವ ಹಳೆಯ ಗಾಡಿಗೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಆಯಿಲ್ ಫಿಲ್ಟರನ್ನೂ ಪ್ರತಿಸಲ ಬದಲಿಸಬೇಕು.

ಎರಡನೆಯದು, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕುವುದು. ಪಂಪ್‌ಸೆಟ್ಟಿಗೆ ತಂದ ಆಯಿಲ್ ಮಿಕ್ಕಿದೆ ಎಂದು ಕಾರಿಗೆ ಸುರಿಯಬಾರದು. ಮೂರನೆಯದು, ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ತಣಿದಾಗ ಡಿಪ್‌ಸ್ಟಿಕ್ ಎತ್ತಿ ನೋಡುವುದು. ಸ್ವಿಫ್ಟಿನಂಥ 1.3 ಲೀಟರ್ ಎಂಜಿನ್ನಿಗೆ ಹಿಡಿಯುವ ಆಯಿಲೇ ಸುಮಾರು 3 ಲೀಟರ್. ಅದರಲ್ಲಿ ಒಂದು ಲೀಟರ್ ಕಡಿಮೆಯಾಯಿತೆಂದರೆ ಮೂರನೆಯ ಒಂದು ಪಾಲು ಹೋದಂತೆ. ಕಡಿದಾದ ಏರಿನಲ್ಲಿ ಉಳಿದ ಆಯಿಲು ಒಂದು ಕಡೆಗೆ ಓಡಿದಾಗ ಪಂಪಿಗೆ ಗಾಳಿ ಸಿಕ್ಕಿಬಿಡಬಹುದು.

ಹೊರಡುವಾಗ, ನಿಲ್ಲಿಸುವಾಗ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದು ಭರ್ರೆನ್ನಿಸುವ ಅಭ್ಯಾಸ ನಮ್ಮ ಡ್ರೈವರುಗಳಲ್ಲಿ ಇದೆ. ಆಯಿಲ್ ಸಂಪಿನಿಂದ ಮೇಲೆ ಹತ್ತಿ ಟರ್ಬೊ ಮುಟ್ಟಲು ಕೆಲವು ಸೆಕೆಂಡು ಬೇಕು. ಅರ್ಧ ನಿಮಿಷ ಸುಮ್ಮನೆ ಓಡಲು ಬಿಡಿ, ಮೊದಲ ಒಂದೆರಡು ಕಿ.ಮೀ. ಮೆಲ್ಲಗೆ ಹೋಗಿ.

ನಿಲ್ಲಿಸುವಾಗಿನ ಎಚ್ಚರ ಇನ್ನೂ ಮುಖ್ಯ. ಉಜಿರೆಯ ಕಡೆಯಿಂದ ಹೊರೆ ಹೊತ್ತು ಚಾರ್ಮಾಡಿ ಘಾಟಿ ಹತ್ತಿ ಬಂದು, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಗಕ್ಕನೆ ನಿಲ್ಲಿಸಿ ಕೀ ತೆಗೆಯುತ್ತೇವೆ. ಆ ಗಳಿಗೆಯಲ್ಲಿ ಟರ್ಬೊದ ಹೊಗೆಯ ಕಡೆ ಕೆಂಪಗೆ ಕಾದಿರುತ್ತದೆ. ಎಂಜಿನ್ ನಿಂತರೆ ಆಯಿಲಿನ ಹರಿವೂ ನಿಲ್ಲುತ್ತದೆ. ಒಳಗೆ ಉಳಿದ ತೊಟ್ಟು ಆಯಿಲ್ ಒಲೆಯ ಮೇಲೆ ಮರೆತ ಬಾಣಲೆಯ ಎಣ್ಣೆಯಂತೆ ಸೀದು ಕರಿಯಾಗುತ್ತದೆ. ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಕರಿ ಕೂತು ಆಯಿಲಿನ ದಾರಿಯೇ ಕಟ್ಟಿಹೋಗುತ್ತದೆ.

ಪರಿಹಾರ ಸುಲಭ. ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಓಡಿಸಿ, ನಿಂತ ಮೇಲೆ ಒಂದೆರಡು ನಿಮಿಷ ಎಂಜಿನ್ ಓಡಲು ಬಿಡಿ. ಆಗುಂಬೆ ಹತ್ತುವಾಗ ಸೂರ್ಯಾಸ್ತ ನೋಡಲು ನಿಲ್ಲಿಸುವವರೂ ಇಷ್ಟು ತಾಳ್ಮೆ ತೋರಿಸಲಿ. ಹಾಗೆಂದು ಅತಿಯೂ ಬೇಡ. ಸದಸ್ಯರೊಬ್ಬರು ಅಂಗಡಿಗೆ ಹೋಗಿಬಂದಾಗಲೂ ಹತ್ತು ನಿಮಿಷ ಓಡಿಸಿಡುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಬಂದಿದ್ದರೆ ಅದರ ಅಗತ್ಯವಿಲ್ಲ. ದೀರ್ಘಕಾಲ ಹಾಗೆ ಓಡಿಸಿದರೆ ಮಸಿ ಕೂತು ಬೇರೆ ತೊಂದರೆಗೆ ದಾರಿಯಾಗುತ್ತದೆ.

ಗಾಳಿಯ ದಾರಿ

ಲಕ್ಷ ಸುತ್ತು ತಿರುಗುವ ಚಕ್ರಕ್ಕೆ ಮರಳಿನ ಕಣವೂ ಗುಂಡೇಟು. ಬೇಸಗೆಯಲ್ಲಿ ತೋಟದ ಮಣ್ಣುದಾರಿಯ ಧೂಳು, ಕಣದಲ್ಲಿ ಕಾಫಿ ಸಿಪ್ಪೆಯ ಹೊಟ್ಟು, ಇವೆಲ್ಲ ಏರ್ ಫಿಲ್ಟರಿಗೆ ಬಂದು ಸೇರುತ್ತವೆ. ಕಾಗದದ ಫಿಲ್ಟರನ್ನು ತೊಳೆಯಬಾರದು, ಕಂಪ್ರೆಸರಿನ ಗಾಳಿಯನ್ನು ಜೋರಾಗಿ ಊದಿ ಹರಿಯಬಾರದು, ಬದಲಿಸಬೇಕು. ಪೆಟ್ಟಿಗೆಯ ಕ್ಲಿಪ್ಪುಗಳು ಸರಿಯಾಗಿ ಕೂತಿವೆಯೇ ನೋಡಬೇಕು.

ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳು ಹತ್ತು ವರ್ಷದಲ್ಲಿ ಬಿರುಕು ಬಿಡುತ್ತವೆ. ನಮ್ಮ ಕಡೆ ಇದಕ್ಕೆ ಇನ್ನೊಬ್ಬ ಪಾಲುದಾರನಿದ್ದಾನೆ: ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ಹೋಸನ್ನೂ ವೈರನ್ನೂ ಕಡಿಯುತ್ತದೆ. ಹೋಸು ಒಡೆದರೆ ಒತ್ತಿದ ಗಾಳಿ ಸೋರಿಹೋಗುತ್ತದೆ. ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ. ಟರ್ಬೊ ಕಡಿಮೆಯನ್ನು ತುಂಬಲು ಮಿತಿಮೀರಿ ತಿರುಗಿ ತಾನೂ ಸವೆಯುತ್ತದೆ. ಕೆಲವು ನೂರು ರೂಪಾಯಿಯ ಹೋಸಿನ ದೋಷಕ್ಕೆ ಟರ್ಬೊ ಬದಲಿಸಲು ಹೊರಟವರನ್ನು ನಾವು ಬಲ್ಲೆವು.

ಹೊಗೆ ಹೇಳುವ ಮಾತು

ಕೊಳೆರೋಗವನ್ನು ಉದುರಿದ ಕಾಯಿ ನೋಡಿ ಗುರುತಿಸುವಂತೆ ಎಂಜಿನ್ನಿನ ರೋಗವನ್ನು ಹೊಗೆ ನೋಡಿ ಅಂದಾಜು ಮಾಡಬಹುದು. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಮೊದಲು ಫಿಲ್ಟರ್, ಹೋಸು, ಕ್ಲಿಪ್ಪು ನೋಡಿ, ಆಮೇಲೆ ಇಂಜೆಕ್ಟರ್. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಟರ್ಬೊದ ಸೀಲ್ ಇರಬಹುದು, ಪಿಸ್ಟನ್ ರಿಂಗ್ ಇರಬಹುದು, ಎಂಜಿನ್ನಿನ ಉಸಿರುನಳಿಕೆ ಕಟ್ಟಿ ಆಯಿಲ್ ಹಿಮ್ಮೆಟ್ಟಿರಲೂಬಹುದು. ತಣ್ಣಗಿನ ಬೆಳಿಗ್ಗೆ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಹೆದರಬೇಕಿಲ್ಲ; ಬಿಸಿಯಾದ ಮೇಲೂ ನಿಲ್ಲದಿದ್ದರೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಕೂಡಲೇ ತೋರಿಸಿ.

ಶಬ್ದವನ್ನೂ ಕೇಳಿ. ಸಣ್ಣ ಸಿಳ್ಳು ಟರ್ಬೊದ ಸ್ವಭಾವ. ಅದೇ ಸಿಳ್ಳು ದಿನದಿಂದ ದಿನಕ್ಕೆ ಸೈರನ್ನಿನಂತೆ ಏರಿದರೆ ಚಕ್ರ ಎಲ್ಲೋ ಉಜ್ಜುತ್ತಿದೆ. ಎಂಜಿನ್ ತಣಿದು ನಿಂತಾಗ ಮೆಕ್ಯಾನಿಕ್ ಗಾಳಿಯ ಹೋಸು ಬಿಚ್ಚಿ ದಂಡವನ್ನು ಬೆರಳಿನಿಂದ ಅಲುಗಿಸಿ ನೋಡುತ್ತಾರೆ. ಅಕ್ಕಪಕ್ಕಕ್ಕೆ ತುಸು ಅಲುಗುವುದು ಸಹಜ, ಆಯಿಲ್ ಪದರದ ಜಾಗವದು. ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಆಡಿದರೆ, ಅಥವಾ ಚಕ್ರ ಗೂಡಿಗೆ ತಾಗಿದ ಗುರುತಿದ್ದರೆ ಆ ಟರ್ಬೊ ಮುಗಿದಂತೆ. ಹೋಸಿನೊಳಗೆ ಆಯಿಲಿನ ತೆಳು ಜಿಡ್ಡಿದ್ದರೆ ಗಾಬರಿ ಬೇಡ, ಸುರಿಯುವಷ್ಟಿದ್ದರೆ ಬಿಡಬೇಡಿ.

ಸಂಘದ ಜೀಪು ಕಲಿಸಿದ ಪಾಠ

ನಮ್ಮ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ಉಚಿತ. ಕೆಲವು ವರ್ಷಗಳ ಹಿಂದೆ, ಅಡಿಕೆ ಧಾರಣೆ ಕುಸಿದು ಸಂಘದ ಕೈ ಬಿಗಿಯಾಗಿದ್ದಾಗ, ಖರ್ಚು ಉಳಿಸುವ ನೆಪದಲ್ಲಿ ಸಂಘದ ಟರ್ಬೊ ಜೀಪಿನ ಆಯಿಲ್ ಬದಲಾವಣೆಯನ್ನು ನಾವು ಎರಡು ಸಲ ಮುಂದೂಡಿದೆವು. ಲಾಗ್ ಪುಸ್ತಕದಲ್ಲಿ ನಮ್ಮ ಸಹಿಯೇ ಇದೆ. ಮಳೆಗಾಲಕ್ಕೆ ಮೊದಲು ಟರ್ಬೊ ಹೋಯಿತು. ಪೇಟೆಯ ವರ್ಕ್‌ಶಾಪೊಂದರಲ್ಲಿ ಹೊಸದನ್ನು ಹಾಕಿಸಿದೆವು. ಆರು ವಾರಗಳಲ್ಲಿ ಅದೂ ಹೋಯಿತು!

ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪಿನಲ್ಲಿ ಕರಿ ಕಟ್ಟಿ, ಪೆನ್ಸಿಲಿನ ಮೊನೆ ತೂರುವಷ್ಟೂ ದಾರಿ ಉಳಿದಿರಲಿಲ್ಲ. ಹಿಂದಿನವರು ಟರ್ಬೊ ಮಾತ್ರ ಬದಲಿಸಿ ಪೈಪನ್ನು ಮುಟ್ಟಿರಲಿಲ್ಲ. ಬದಲಿಸಿ ಎಂದು ನಾವೂ ಹೇಳಿರಲಿಲ್ಲ. ಸೊರಗುರೋಗದಿಂದ ಸತ್ತ ಮೆಣಸಿನ ಬಳ್ಳಿಯ ಗುಂಡಿಗೇ, ಬಸಿಗಾಲುವೆ ತೆಗೆಯದೆ, ಹೊಸ ಬಳ್ಳಿ ನೆಟ್ಟಂತಾಯಿತು. ಎರಡು ಟರ್ಬೊಗಳ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದಿದ ದಿನ ನಮಗಾದ ಸಂಕೋಚ ಇನ್ನೂ ನೆನಪಿದೆ. ಮುಂದೂಡಿದ ಎರಡು ಸಲದ ಆಯಿಲಿನ ಬೆಲೆ ಅದರ ಮುಂದೆ ಏನೂ ಅಲ್ಲ.

ಆದುದರಿಂದ ಟರ್ಬೊ ಬದಲಿಸುವ ಸದಸ್ಯರು ಮೊದಲು "ಇದು ಏಕೆ ಹೋಯಿತು?" ಎಂದು ಕೇಳಿ, ಉತ್ತರ ಸಿಗುವವರೆಗೆ ಹೊಸದನ್ನು ಹಾಕಿಸಬೇಡಿ. ಆಯಿಲ್ ಒಯ್ಯುವ ಪೈಪನ್ನು ಹೊಸದಾಗಿ ಹಾಕಿಸಿ, ಆಯಿಲ್ ಇಳಿಯುವ ಪೈಪನ್ನು ಚೊಕ್ಕಟ ಮಾಡಿಸಿ. ಇಂಟರ್‌ಕೂಲರ್ ಮತ್ತು ಹೋಸಿನೊಳಗೆ ನಿಂತ ಆಯಿಲನ್ನೂ ಹಳೆಯ ಚಕ್ರದ ಚೂರುಗಳನ್ನೂ ತೆಗೆಸಿ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೂರನ್ನೂ ಬದಲಿಸಿ. ಕೊನೆಗೆ, ಹೊಸ ಟರ್ಬೊದ ಬಾಯಿಗೆ ಆಯಿಲ್ ತುಂಬಿ, ಎಂಜಿನ್ ಹತ್ತಿಕೊಳ್ಳದಂತೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಸಿ, ಆಮೇಲೆ ಸ್ಟಾರ್ಟ್ ಮಾಡಿಸಿ. ಹೊರಗೂಡು ಚೆನ್ನಾಗಿದ್ದರೆ ಒಳಗಿನ ದಂಡ ಚಕ್ರಗಳ ಜೋಡಣೆ ಮಾತ್ರ ಬದಲಿಸಿಯೂ ಖರ್ಚು ತಗ್ಗಿಸಬಹುದು. ಆದರೆ ಅದು ಸಮತೂಕ ಮಾಡಿದ್ದಿರಬೇಕು. ಟರ್ಬೊದ ಫಲಕದ ನಂಬರಿಗೆ ಹೊಂದಿರಬೇಕು. ಹೆಸರಿಲ್ಲದ ಅಗ್ಗದ ಮಾಲು ಬೇಡ.

ಎಂಜಿನ್ ಹುಚ್ಚೆದ್ದರೆ

ಇದು ಜೀವದ ಮಾತು, ಎಲ್ಲರೂ ಓದಬೇಕು. ಟರ್ಬೊದ ಸೀಲ್ ಒಡೆದು ಆಯಿಲ್ ಗಾಳಿಯ ದಾರಿಗೆ ಸುರಿದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ವೇಗ ಏರಿಸುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಗೇರಿನ ಗಾಡಿಯಾದರೆ ಬ್ರೇಕನ್ನು ಬಲವಾಗಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಬೇಕು. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಆಗದಿದ್ದರೆ ಎಲ್ಲರೂ ಇಳಿದು ದೂರ ಸರಿಯಬೇಕು. ಬಾನೆಟ್ ತೆಗೆದು ಗಾಳಿನಳಿಕೆಗೆ ಕೈಯನ್ನೋ ಬಟ್ಟೆಯನ್ನೋ ಒಡ್ಡಬಾರದು. ನೀಲಿ ಹೊಗೆ ಹೆಚ್ಚಾಗಿ ಆಯಿಲ್ ಬೇಗ ಇಳಿಯುತ್ತಿರುವ ಗಾಡಿಯನ್ನು "ಇದೊಂದು ಕೊಯ್ಲು ಮುಗಿಯಲಿ" ಎಂದು ಓಡಿಸಬೇಡಿರಿ.

ಹಳೆಯದನ್ನು ಕೊಳ್ಳುವವರಿಗೆ

ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆನ್ನಿ. ಆಯಿಲ್ ಮುಚ್ಚಳದ ಒಳಗೆ ಡಾಂಬರಿನಂತೆ ಗಟ್ಟಿ ಕೆಸರಿದ್ದರೆ ಅಲ್ಲಿಗೇ ಬಿಡಿ. ಸರ್ವೀಸ್ ಚೀಟಿಗಳನ್ನು ಕೇಳಿ. ಹೊಸ ಬಣ್ಣಕ್ಕಿಂತ ಹಳೆಯ ಚೀಟಿಗೆ ಹೆಚ್ಚು ಬೆಲೆ. ಊರೊಳಗೆ ಒಂದು ಸುತ್ತು ಸಾಲದು, ಏರು ದಾರಿಯಲ್ಲಿ ಹೊರೆಯೊಂದಿಗೆ ಓಡಿಸಿ, ಕನ್ನಡಿಯಲ್ಲಿ ಹೊಗೆ ನೋಡಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಟ್ಟುಕೊಳ್ಳುವುದೋ, ಕೊಡುವುದೋ?

ಮೊದಲಿನ ಪ್ರಶ್ನೆಗೆ ಬರೋಣ. ಚಾಸಿ ತುಕ್ಕು ಹಿಡಿಯದೆ, ಎಂಜಿನ್ನಿನ ಒತ್ತಡ ಚೆನ್ನಾಗಿದ್ದು ಟರ್ಬೊ ಒಂದೇ ಹೋಗಿದ್ದರೆ ಮಾರಬೇಕಿಲ್ಲ; ಕಾರಣ ಹುಡುಕಿ ಸರಿಪಡಿಸಿದರೆ ಇನ್ನೂ ಹಲವು ವರ್ಷ ಬರುತ್ತದೆ. ಎಂಜಿನ್ನೇ ಸವೆದು ಆಯಿಲ್ ಕುಡಿಯುತ್ತಿದ್ದರೆ ಅದಕ್ಕೆ ಹೊಸ ಟರ್ಬೊ ಹಾಕುವುದು ಹಣ ಹೊಳೆಗೆ ಹಾಕಿದಂತೆ. ಮೊದಲು ಹೇಳಿದ ಸದಸ್ಯರ ಕಾರಿನ ಎಂಜಿನ್ ಗಟ್ಟಿಯಾಗಿತ್ತು. ಒಡೆದ ಹೋಸಿನಿಂದ ಆರಂಭವಾದ ರೋಗವದು. ಒಳಜೋಡಣೆ, ಹೋಸು, ಆಯಿಲ್ ಪೈಪು ಬದಲಿಸಿ ಮೊದಲು ಹೇಳಿದ್ದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ಕಾರು ಈಗಲೂ ಮೂಟೆ ಹೊರುತ್ತಿದೆ.

ಮುಂಗಾರು ಹಿಡಿಯುವ ಮೊದಲೇ ಕೊನೆಗೆ ಬೋರ್ಡೊ ಹೊಡೆಯುತ್ತೇವೆ; ಕಾಯಿ ಉದುರಿದ ಮೇಲೆ ಹೊಡೆದರೆ ನಷ್ಟ ನಷ್ಟವೇ. ಗಾಡಿಯ ಆಯಿಲೂ ಹಾಗೆಯೇ. ಬೋರ್ಡೊಕ್ಕೆ ಮೈಲುತುತ್ತ ಕೊಳ್ಳುವ ದಿನವೇ ಗಾಡಿಯ ಆಯಿಲನ್ನೂ ಬದಲಿಸುವುದೆಂದು ಇಟ್ಟುಕೊಂಡರೆ ವರ್ಷದ ಒಂದು ಸರದಿ ತಾನಾಗಿ ನೆನಪಿರುತ್ತದೆ. ಇನ್ನೊಂದು ಸರದಿ ಕೊಯ್ಲಿಗೆ ಮುಂಚೆ. ಈ ಬಗ್ಗೆ ತಮ್ಮ ಅನುಭವವಿರುವ ಸದಸ್ಯರು ನಾಲ್ಕು ಸಾಲು ಬರೆದು ಕಛೇರಿಗೆ ತಲುಪಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

– ಕಾರ್ಯದರ್ಶಿ